ಸಮುದ್ರ ಎಷ್ಟು ಹತ್ತಿರ ಅಂತ ಕೇಳಿದೆವು, ಆಸ್ಪತ್ರೆ ಎಷ್ಟು ದೂರ ಅಂತ ಕೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲಿ ಅಂಡಮಾನ್ ಬಗ್ಗೆ ಲೇಖನ ಬಂದಿತ್ತು. ಓದಿ ಖುಷಿಯಾಯಿತು. ಅದರಲ್ಲಿ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಬಗ್ಗೆ ಬರೆಯುತ್ತಾ, ಪಕ್ಕದಲ್ಲೇ ಸಮುದ್ರಕ್ಕೆ ಮುಖ ಮಾಡಿದ ಕಾಟೇಜುಗಳಿವೆ, ಸಂಸಾರ ಸಮೇತ ಹೋಗುವವರು ಅಲ್ಲೇ ಉಳಿಯಬಹುದು ಎಂದು ಒಂದು ಸಾಲು ಇತ್ತು. ಕಳೆದ ಜನವರಿಯಲ್ಲಿ ನಾವು ಹಾಗೇ ಮಾಡಿದೆವು. ನಮ್ಮ ಜೊತೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ, ಮಂಡಿನೋವಿನ ಅತ್ತೆ ಇದ್ದರು. ಆ ಒಂದು ಸಾಲಿನ ಹಿಂದೆ ಎಷ್ಟು ವಿಷಯ ಇದೆ ಅನ್ನೋದು ನಮಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಬೇರೆಯವರಿಗೆ ಹೋಗುವ ಮೊದಲೇ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ಕಡೆಯವಳು, ನರ್ಸ್ ಕೆಲಸದಲ್ಲಿದ್ದೇನೆ. ನನ್ನ ಯಜಮಾನರು ಅಂಚೆ ಇಲಾಖೆಯಲ್ಲಿದ್ದಾರೆ. ಎಲ್‌ಟಿಸಿ (ಸರ್ಕಾರ ನೌಕರರಿಗೆ ಕೊಡುವ ಪ್ರವಾಸದ ರಿಯಾಯಿತಿ) ಮೇಲೆ ಹೋಗಿದ್ದು. ಕೇಂದ್ರ ಸರ್ಕಾರದ ನೌಕರರಲ್ಲಿ ಎಲ್‌ಟಿಸಿ ಅಂದ ಕೂಡಲೇ ಅಂಡಮಾನ್ ನೆನಪಾಗುವವರು ಜಾಸ್ತಿ. ಬೆಂಗಳೂರಿನಿಂದ ಎರಡೂವರೆ ಗಂಟೆಯ ವಿಮಾನ. ಚಿಕ್ಕ ಮಕ್ಕಳಿರುವ ಮನೆಗೆ ಅದು ದೊಡ್ಡ ಅನುಕೂಲ, ಅಲ್ವಾ? ನಾವೂ ಹಾಗೇ ಲೆಕ್ಕ ಹಾಕಿದ್ದೆವು.

ವಂಡೂರು ಇರುವುದು ಪೋರ್ಟ್ ಬ್ಲೇರ್‌ನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. 2024ರಿಂದ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಎಂದು ಹೆಸರಾಗಿದೆ. ಟ್ಯಾಕ್ಸಿಯವರು, ಅಂಗಡಿಯವರು ಎಲ್ಲ ಇನ್ನೂ ಪೋರ್ಟ್ ಬ್ಲೇರ್ ಅಂತಲೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಈ ಉದ್ಯಾನ ಆಗಿದ್ದು 1983ರಲ್ಲಿ. 15 ದ್ವೀಪಗಳು, ನಡುವಿನ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ಕಾಲುವೆಗಳು, ಹವಳದ ದಿಬ್ಬಗಳು ಎಲ್ಲ ಸೇರಿ 281 ಚದರ ಕಿಲೋಮೀಟರಿಗೂ ಜಾಸ್ತಿ. ಪ್ರವಾಸಿಗರು ಹೋಗುವುದು ಎರಡೇ ದ್ವೀಪಕ್ಕೆ. ಜಾಲಿ ಬಾಯ್ ಅರ್ಧ ವರ್ಷ, ರೆಡ್ ಸ್ಕಿನ್ ಅರ್ಧ ವರ್ಷ. ಒಂದು ತೆರೆದಿರುವಾಗ ಇನ್ನೊಂದಕ್ಕೆ ವಿಶ್ರಾಂತಿ. ದ್ವೀಪದಲ್ಲಿ ಉಳಿಯುವ ಹಾಗಿಲ್ಲ. ಬೆಳಿಗ್ಗೆ ವಂಡೂರಿನ ಜೆಟ್ಟಿಯಿಂದ ಬೋಟು ಹೊರಡುತ್ತದೆ, ಮಧ್ಯಾಹ್ನ ವಾಪಸು ಕರೆತರುತ್ತದೆ. ಬೋಟು ಬೆಳಿಗ್ಗೆ ಬೇಗ ಅಂತ ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವುದು, ಜೆಟ್ಟಿ ಪಕ್ಕದಲ್ಲೇ ರೂಮು ಮಾಡೋಣ ಎಂದು. ನಮಗೂ ಅದೇ ಹೊಳೆಯಿತು.

ಮೊಬೈಲಿನಲ್ಲಿ ಫೋಟೋ ನೋಡಿ ಕಾದಿರಿಸಿದೆವು. ಕಂಬಗಳ ಮೇಲೆ ನಿಂತ ಮರದ ಕಾಟೇಜು, ಎದುರಿಗೆ ತುಂಬಿದ ನೀಲಿ ನೀರು. ಭಾನುವಾರ ಮತ್ತು ಸೋಮವಾರದ ರಾತ್ರಿ, ದಿನಕ್ಕೆ 4,500 ರೂಪಾಯಿ. ಫೋನ್ ಮಾಡಿ ನಾನು ಕೇಳಿದ್ದು ಒಂದೇ ಪ್ರಶ್ನೆ: "ಸಮುದ್ರ ಎಷ್ಟು ದೂರ?" ಅವರು "ಐವತ್ತು ಹೆಜ್ಜೆ" ಅಂದರು. ಅದು ನಿಜವೇ ಆಗಿತ್ತು.

ಉದ್ಯಾನಕ್ಕೆ ಸೋಮವಾರ ರಜೆ. ಇದನ್ನು ಕಾದಿರಿಸುವಾಗ ಅವರು ಹೇಳಲಿಲ್ಲ. "ಪಾರ್ಕ್ ನೋಡೋಕೆ ಬರ್ತಿದ್ದೀವಿ" ಎಂದು ನಮ್ಮ ಯಜಮಾನರು ಸ್ಪಷ್ಟವಾಗಿ ಹೇಳಿದ್ದರು. ಭಾನುವಾರ ಮಧ್ಯಾಹ್ನ ಹೋಗಿ ಇಳಿದ ಮೇಲೆ ಗೊತ್ತಾಯಿತು. ಸರಿ, ಮಂಗಳವಾರ ಹೋದರಾಯಿತು, ಒಂದು ದಿನ ಮಕ್ಕಳು ನೀರಿನಲ್ಲಿ ಆಡಲಿ ಅಂದುಕೊಂಡೆವು.

ಆಗ ನೀರು ಇರಲಿಲ್ಲ. ಇಳಿತದ ಹೊತ್ತು. ಫೋಟೋದಲ್ಲಿ ನೀಲಿ ಇದ್ದ ಜಾಗದಲ್ಲಿ ಕೆಸರು, ಚೂಪು ಕಲ್ಲು, ಒಡೆದ ಹವಳ. ನೀರು ಎಲ್ಲೋ ದೂರದಲ್ಲಿ ಒಂದು ಗೆರೆ. ಮಗಳು ಹೊಸ ಈಜುಡುಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತಳು. ಸಂಜೆಯ ಹೊತ್ತಿಗೆ ನೀರು ಬಂತು. ಬಂದಿದ್ದು ನೇರ ಮರಗಳ ಬುಡದ ತನಕ. ಮಕ್ಕಳು ಕೂತು ಆಡಲು ಮರಳೇ ಉಳಿಯಲಿಲ್ಲ. ದಡದ ಉದ್ದಕ್ಕೂ ಬೇರು ಸಮೇತ ಬಿದ್ದ ದೊಡ್ಡ ದೊಡ್ಡ ಮರಗಳು. ಅಲ್ಲಿನ ಒಬ್ಬ ಬೋಟಿನವರು ಇದರ ಕಾರಣ ಹೇಳಿದರು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ಈ ಭಾಗದ ನೆಲವೇ ಹತ್ತಿರ ಹತ್ತಿರ 1 ಮೀಟರ್ ಕುಸಿಯಿತಂತೆ. ಮೇಲಿಂದ ಸುನಾಮಿ. ಅಂದಿನಿಂದ ಉಬ್ಬರದ ನೀರು ಮೊದಲಿಗಿಂತ ಒಳಗೆ ಬರುತ್ತದೆ. ಪೋರ್ಟ್ ಬ್ಲೇರ್‌ನಿಂದ ಬರುವಾಗ ಸಿಪ್ಪಿಘಾಟ್ ಎಂಬಲ್ಲಿ ರಸ್ತೆ ಪಕ್ಕ ಅಗಲವಾದ ನೀರು, ತುಂಬಾ ಹಕ್ಕಿಗಳು ಕಾಣುತ್ತವೆ. ನಾನು ಕೆರೆ ಅಂದುಕೊಂಡಿದ್ದೆ. ಅದು ಭತ್ತದ ಗದ್ದೆಯಾಗಿತ್ತು. ನೆಲ ಕುಸಿದು ಉಪ್ಪುನೀರು ನುಗ್ಗಿ ಹಾಗೇ ನಿಂತುಬಿಟ್ಟಿದೆ. ಗದ್ದೆ ಕಳೆದುಕೊಂಡವರ ಸಂಕಟ ನೆನೆಸಿಕೊಂಡರೆ ನಮ್ಮದು ಏನೂ ಅಲ್ಲ. ಆದರೆ ರೂಮು ಆರಿಸುವವರಿಗೆ ಇದು ಗೊತ್ತಿರಬೇಕು. ಇಳಿತದಲ್ಲಿ ಕಲ್ಲು, ಉಬ್ಬರದಲ್ಲಿ ಮರದ ಬುಡ. ನಡುವೆ ಸಿಗುವ ಸ್ವಲ್ಪ ಹೊತ್ತು ಮಾತ್ರ ಮಕ್ಕಳದು.

ಆ ಹೊತ್ತಾದರೂ ನಿಗದಿ ಇಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತು 9 ಗಂಟೆಗೆ ಬಂದ ಉಬ್ಬರ ನಾಳೆ 9.50ರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ದೂರ ಹಿಂದೆ ಹೋಗುತ್ತದೆ. ಬಯಲುಸೀಮೆಯವರಾದ ನಮಗೆ ಪಂಚಾಂಗ ನೋಡಿ ಸಮುದ್ರಕ್ಕೆ ಹೋಗಬೇಕು ಅನ್ನೋದು ಹೊಳೆಯುವುದೇ ಇಲ್ಲ. ಲಾಡ್ಜಿನವರಿಗೆ ಗೊತ್ತಿರುತ್ತದೆ. ನಾವು ಬರುವ ತಾರೀಖಿಗೆ ಮಗು ನೀರಿಗೆ ಇಳಿಯುವ ಹೊತ್ತು ಯಾವುದು ಎಂದು ಅವರು ಒಂದು ನಿಮಿಷದಲ್ಲಿ ಹೇಳಬಹುದು.

ಇನ್ನೊಂದು ವಿಷಯ ಮೊಸಳೆ. ದಡದಲ್ಲಿ ಬೋರ್ಡು ಹಾಕಿದ್ದಾರೆ. ರಂಗನತಿಟ್ಟಿನಲ್ಲಿ ನಾವು ನೋಡುವುದು ಸಿಹಿನೀರಿನ ಮೊಸಳೆ. ಇಲ್ಲಿಯದು ಉಪ್ಪುನೀರಿನದು, ಅದಕ್ಕಿಂತ ಬಹಳ ದೊಡ್ಡದು. ಕಾಂಡ್ಲಾ ಕಾಡಿನ ಕಾಲುವೆಗಳಲ್ಲಿ ಇರುತ್ತದೆ, ತೆರೆದ ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್‌ಲಾಕ್ ದ್ವೀಪದಲ್ಲಿ ಒಬ್ಬ ಅಮೆರಿಕನ್ ಹೆಣ್ಣುಮಗಳು ಮೊಸಳೆ ಬಾಯಿಗೆ ಸಿಕ್ಕಿ ಸತ್ತಿದ್ದಳು. ನಾನು ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಎಲ್ಲಿ ಇಳಿಯಬಹುದು ಎಂದು ಅಲ್ಲಿನವರು ಹೇಳುತ್ತಾರೋ ಅಲ್ಲಿ ಮಾತ್ರ ಇಳಿಯಬೇಕು. ಆದರೆ ರೂಮಿನ ಬಾಗಿಲಿಗೆ ಐವತ್ತು ಹೆಜ್ಜೆಯಲ್ಲಿ ಅಂಥ ನೀರು, ರೂಮಿನಲ್ಲಿ ಈಗಷ್ಟೇ ಓಡುವುದು ಕಲಿತ ಮಗು ಇದ್ದರೆ ತಾಯಿಗೆ ನಿದ್ದೆ ಬರುತ್ತದೆಯೇ? ಕಾಟೇಜಿಗೆ ಆರು ಮೆಟ್ಟಿಲು, ಹಿಡಿದುಕೊಳ್ಳಲು ಕಟಕಟೆ ಇಲ್ಲ. ಬಾಗಿಲ ಚಿಲಕ ಕೆಳಗಿತ್ತು, ಮಗನ ಕೈಗೆ ಎಟುಕುವಷ್ಟು ಕೆಳಗೆ. ರಾತ್ರಿ ಬಾಗಿಲಿಗೆ ಸೂಟ್‌ಕೇಸ್ ಅಡ್ಡ ಇಟ್ಟು ಮಲಗಿದೆವು. ಅತ್ತೆ ಎರಡು ದಿನವೂ ಮೆಟ್ಟಿಲನ್ನು ಕೂತುಕೊಂಡೇ ಇಳಿದರು.

ಸೋಮವಾರ ರಾತ್ರಿ ಮಗನಿಗೆ ಜ್ವರ ಬಂತು.

ಅಲ್ಲಿ ಕತ್ತಲೆ ಬೇಗ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೆಂಗಳೂರಿಗಿಂತ ಒಂದು ಗಂಟೆ ಮುಂಚೆ ಹುಟ್ಟಿ ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಜನವರಿಯಲ್ಲಿ ಸಂಜೆ 5.15ಕ್ಕೆಲ್ಲ ಮುಳುಗಿಬಿಡುತ್ತಾನೆ. 6 ಗಂಟೆಗೆ ಗಾಢ ಕತ್ತಲೆ. ಊರು ಬೇಗ ಮಲಗುತ್ತದೆ. ಮಗನ ಮೈ ಸುಡಲು ಶುರುವಾದಾಗ ರಾತ್ರಿ 11 ಗಂಟೆ. 103 ಡಿಗ್ರಿ ಇತ್ತು. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಟ್ಟೆ, ಉಗುರು ಬೆಚ್ಚಗಿನ ನೀರಿನಲ್ಲಿ ಮೈ ಒರೆಸಿದೆ. ಬೇರೆ ಮಗುವಾಗಿದ್ದರೆ ಬೆಳಗಿನ ತನಕ ಕಾಯುತ್ತಿದ್ದೆನೋ ಏನೋ. ಇವನಿಗೆ ಒಂಬತ್ತು ತಿಂಗಳಾಗಿದ್ದಾಗ ಒಮ್ಮೆ ಜ್ವರ ಏರಿ ಫಿಟ್ಸ್ ಬಂದಿತ್ತು. 6 ತಿಂಗಳಿಂದ 5 ವರ್ಷದ ಒಳಗಿನ ಕೆಲವು ಮಕ್ಕಳಿಗೆ ಹೀಗಾಗುತ್ತದೆ. ಹೆಚ್ಚಿನ ಸಲ ಏನೂ ಅಪಾಯ ಇಲ್ಲ. ಆಸ್ಪತ್ರೆಯಲ್ಲಿ ಇದನ್ನು ಎಷ್ಟೋ ತಾಯಂದಿರಿಗೆ ನಾನೇ ಹೇಳಿದ್ದೇನೆ. ನನ್ನ ಮಗು ನನ್ನ ತೊಡೆ ಮೇಲೆ ನಡುಗುವಾಗ ಆ ಮಾತು ನನಗೇ ಧೈರ್ಯ ಕೊಡಲಿಲ್ಲ.

ಮ್ಯಾನೇಜರ್ 8 ಗಂಟೆಗೇ ಮನೆಗೆ ಹೋಗಿದ್ದರು. ಗೇಟಿನ ಹತ್ತಿರ ಹದಿನೆಂಟು ಹತ್ತೊಂಬತ್ತರ ಹುಡುಗ ಒಬ್ಬನೇ. ಅವನ ಹತ್ತಿರ ಇದ್ದದ್ದು ಒಂದು ಸ್ಕೂಟರ್. ನಮ್ಮ ಮೊಬೈಲಿಗೆ ಸಿಗ್ನಲ್ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಆ ಹುಡುಗ ಸ್ಕೂಟರಿನಲ್ಲಿ ಹೋಗಿ, ಎರಡು ಮೂರು ಮನೆ ಬಾಗಿಲು ತಟ್ಟಿ, ಒಬ್ಬ ಬಂಗಾಳಿ ಜೀಪಿನವರನ್ನು ಎಬ್ಬಿಸಿ ಕರೆತಂದ. ಅಷ್ಟರಲ್ಲಿ ಐವತ್ತು ನಿಮಿಷ ಆಗಿತ್ತು. ಆಮೇಲೆ ಕತ್ತಲೆಯಲ್ಲಿ, ತಿರುವು ತಿರುವಿನ ರಸ್ತೆಯಲ್ಲಿ ಪೋರ್ಟ್ ಬ್ಲೇರ್‌ನ ದೊಡ್ಡ ಸರ್ಕಾರಿ ಆಸ್ಪತ್ರೆ ಜಿ.ಬಿ. ಪಂತ್ ತನಕ ಇನ್ನೊಂದು ಗಂಟೆ. ಅಲ್ಲಿ ರಾತ್ರಿಪಾಳಿಯ ಡಾಕ್ಟರು, ಸಿಸ್ಟರುಗಳು ಚೆನ್ನಾಗಿ ನೋಡಿಕೊಂಡರು. ಕಿವಿಯ ಸೋಂಕು. ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು. ಜೀಪಿನವರು 3 ಗಂಟೆ ತನಕ ಹೊರಗೇ ಕಾದಿದ್ದರು. ಕಾದಿದ್ದಕ್ಕೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವರನ್ನೂ ಆ ಸ್ಕೂಟರಿನ ಹುಡುಗನನ್ನೂ ನಾನು ಬದುಕಿರುವ ತನಕ ಮರೆಯುವುದಿಲ್ಲ.

ಮಗುವಿಗೆ ಜ್ವರ ಬಂದಿದ್ದಕ್ಕೆ ಲಾಡ್ಜಿನವರು ಕಾರಣರಲ್ಲ. ಆದರೆ ರಾತ್ರಿ ಒಂದು ಗಾಡಿಯ ಏರ್ಪಾಡು, ಫೋನ್ ಎತ್ತುವ ಒಬ್ಬ ಜವಾಬ್ದಾರಿ ಮನುಷ್ಯ ಇಲ್ಲದೆ "ಫ್ಯಾಮಿಲಿಗೆ ಹೇಳಿ ಮಾಡಿಸಿದ ಜಾಗ" ಎಂದು ಜಾಹೀರಾತು ಹಾಕುವುದು ತಪ್ಪು. ಇದನ್ನು ನಾನು ಅವರಿಗೂ ಬರೆದಿದ್ದೇನೆ. ಹೆಸರು ಇಲ್ಲಿ ಬೇಡ. ಇಂಥ ಜಾಗ ಅದೊಂದೇ ಅಲ್ಲ.

ಮಂಗಳವಾರ ಬೆಳಿಗ್ಗೆ ನಮ್ಮ ಯಜಮಾನರು ಸಾಮಾನು ತಂದರು. ಆಸ್ಪತ್ರೆಯ ಸಿಸ್ಟರ್ ಒಬ್ಬರು ಹೇಳಿದ ಒಂದು ಮನೆಗೆ ಹೋದೆವು. ತಮಿಳು ಮಾತಾಡುವ ವಯಸ್ಸಾದ ಅಮ್ಮ ಒಬ್ಬರು ತಮ್ಮ ಮನೆಯ ಕೆಳಗಿನ ಎರಡು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಕೊಡುತ್ತಾರೆ. ದಿನಕ್ಕೆ 2,800. ಸಮುದ್ರ ಕಾಣುವುದಿಲ್ಲ. ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು. ಆದರೆ ನಾವು ಕೇಳುವ ಮೊದಲೇ ಆ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದರು. ಮೆಟ್ಟಿಲು ಎರಡೇ. ಬಚ್ಚಲ ನೆಲ ಒರಟು ಕಲ್ಲು, ಜಾರುವುದಿಲ್ಲ. ಬೇಸಿಗೆಯಲ್ಲಿ ಊರಿಗೇ ನೀರಿನ ಕೊರತೆ, ಈಗ ಪರವಾಗಿಲ್ಲ, ಆದರೂ ಹಿಡಿದು ಬಳಸಿ. ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಆಟೋದವನ ನಂಬರು ಗೋಡೆ ಮೇಲೆ ಬರೆದಿದೆ. ಮಕ್ಕಳನ್ನು ಸಾಕಿ ಬೆಳೆಸಿದವರಿಗೆ ಏನು ಹೇಳಬೇಕು ಅನ್ನೋದು ತಾನಾಗಿ ಗೊತ್ತಿರುತ್ತದೆ.

ಆ ಅಡುಗೆಮನೆ ನಮ್ಮ ಪ್ರವಾಸವನ್ನು ಉಳಿಸಿತು. ಮಗನಿಗೆ ಊರಿಂದ ತಂದಿದ್ದ ರಾಗಿಹಿಟ್ಟಿನ ಸರಿ ಮಾಡಿದೆ. ಅಬರ್ಡೀನ್ ಬಜಾರಿನಲ್ಲಿ ತರಕಾರಿ, ಹಾಲು, ಮೊಸರು ಎಲ್ಲ ಸಿಗುತ್ತದೆ. ಅತ್ತೆ ಸಾರು ಅನ್ನ ಮಾಡಿದರು. ಎರಡು ದಿನ ಕಾಟೇಜಿನ ಖಾರದ ಮೀನು, ತಂದೂರಿ ರೊಟ್ಟಿ ನೋಡಿ ಬಾಯಿ ಮುಚ್ಚಿಕೊಂಡಿದ್ದ ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು. ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಸಮುದ್ರ ಕಾಣುವ ಕಿಟಕಿ, ಒಂದು ಒಲೆ, ಎರಡರಲ್ಲಿ ಒಂದೇ ಸಿಗುವುದಾದರೆ ಒಲೆ ಇರುವ ಕಡೆ ಹೋಗಿ.

ಮಗ ಪೂರ್ತಿ ಚೇತರಿಸಿಕೊಂಡ ಮೇಲೆ ಶುಕ್ರವಾರ ಜಾಲಿ ಬಾಯ್‌ಗೆ ಹೋದೆವು. ಬೆಳಿಗ್ಗೆ 6.30ಕ್ಕೆ ಟ್ಯಾಕ್ಸಿ. ಅಷ್ಟು ಬೇಗ ಮಕ್ಕಳನ್ನು ಎಬ್ಬಿಸುವುದು ಹೇಗೆ ಎಂಬ ಭಯಕ್ಕೇ ಅಲ್ಲವೇ ನಾವು ಜೆಟ್ಟಿ ಪಕ್ಕ ರೂಮು ಮಾಡಿದ್ದು? ಅಲ್ಲಿ 5.45ಕ್ಕೇ ಸೂರ್ಯ ಹುಟ್ಟುವುದರಿಂದ ಮಕ್ಕಳು ತಾವಾಗೇ ಎದ್ದಿದ್ದರು. ಟ್ಯಾಕ್ಸಿಯಲ್ಲಿ ಮತ್ತೆ ಮಲಗಿದರು. ಒಂದು ಗಂಟೆ ಹೋಗಿದ್ದೇ ತಿಳಿಯಲಿಲ್ಲ.

ಜೆಟ್ಟಿಯಲ್ಲಿ ಚೀಲ ಎಲ್ಲ ತೆಗೆದು ನೋಡುತ್ತಾರೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಒಡೆದು ಸ್ಟೀಲ್ ಡಬ್ಬಿಗೆ ಸುರಿದುಕೊಂಡೆವು. ನೀರಿನ ಬಾಟಲಿಗೆ ಠೇವಣಿ ಕೊಟ್ಟು ಅವರದ್ದೇ ತೆಗೆದುಕೊಂಡೆವು. ದ್ವೀಪದಲ್ಲಿ ಹೋಟೆಲು ಇಲ್ಲ. ಮಗುವಿನ ಊಟ, ಬಟ್ಟೆಯ ಲಂಗೋಟಿ, ಕೊಳೆ ಬಟ್ಟೆ ಹಾಕಿಕೊಳ್ಳಲು ಬಟ್ಟೆಯದೇ ಚೀಲ ಎಲ್ಲ ಹಿಂದಿನ ರಾತ್ರಿಯೇ ಜೋಡಿಸಬೇಕು. ಇದಕ್ಕೂ ಅಡುಗೆಮನೆ ಬೇಕು ನೋಡಿ. ನಾನು ಬೆಳಿಗ್ಗೆ 5 ಗಂಟೆಗೆ ಎದ್ದು ಚಿತ್ರಾನ್ನ ಕಲಸಿ ಸ್ಟೀಲ್ ಕ್ಯಾರಿಯರಿಗೆ ಹಾಕಿದ್ದೆ. ಕೈಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ, ಮರಳಿನಲ್ಲಿರುವ ಸಣ್ಣ ನೊಣ ಕಚ್ಚದಿರಲಿ ಎಂದು. ಮೊದಲ ದಿನ ಎಣ್ಣೆ ಹಚ್ಚದೆ ಮಗಳ ಕಾಲು ತುಂಬಾ ಕೆಂಪು ಗುಳ್ಳೆ ಎದ್ದಿತ್ತು. ಅದನ್ನು ಕೆರೆಯಲು ಬಿಡಬಾರದು, ಕೆರೆದರೆ ಹುಣ್ಣಾಗುತ್ತದೆ.

ಬೋಟು ಕಾಂಡ್ಲಾ ಮರಗಳ ನಡುವೆ ಒಂದು ಗಂಟೆಯ ಹತ್ತಿರ ಹೋಗುತ್ತದೆ. ಆಮೇಲೆ ಗಾಜಿನ ತಳದ ಚಿಕ್ಕ ಬೋಟಿಗೆ ಇಳಿಸುತ್ತಾರೆ. ಅತ್ತೆಯನ್ನು ಇಬ್ಬರು ಬೋಟಿನವರು ಆ ಕಡೆ ಈ ಕಡೆ ಹಿಡಿದು, "ಆರಾಮ್ ಸೇ, ಮಾ ಜೀ" ಎಂದು ದಾಟಿಸಿದರು. ಗಾಜಿನ ಕೆಳಗೆ ಹವಳ. ನೀಲಿ ನಕ್ಷತ್ರಮೀನು ಕಂಡಿತು. ಮರಳಿನ ಮೇಲೆ ಮಲಗಿದ್ದ ಸಮುದ್ರ ಸೌತೆ ಎಂಬ ಜೀವಿಯನ್ನು ನೋಡಿ ಮಗಳು "ಅಮ್ಮಾ, ಸೌತೆಕಾಯಿ ಬಿದ್ದಿದೆ" ಅಂದಳು. ಬೋಟಿನಲ್ಲಿದ್ದವರೆಲ್ಲ ಏನು ಹೇಳಿದಳು ಎಂದು ಕೇಳಿ ಕೇಳಿ ನಕ್ಕರು. ಮಗ ಗಾಜಿಗೆ ಎರಡೂ ಅಂಗೈ ಒತ್ತಿ ಸುಮ್ನೆ ನೋಡುತ್ತಿದ್ದ. ದಡದಲ್ಲಿ ಮರದ ನೆರಳು ಇದೆ. ಮಕ್ಕಳು ಎರಡು ಗಂಟೆ ಮೊಣಕಾಲು ನೀರಿನಲ್ಲಿ ಆಡಿದರು. ಒಂದು ಚಿಪ್ಪನ್ನೂ ತರಲಿಲ್ಲ, ತರುವ ಹಾಗಿಲ್ಲ. ಎತ್ತಿಕೊಂಡಿದ್ದನ್ನು ಮಗಳೇ ಒಂದೊಂದಾಗಿ ವಾಪಸು ಇಟ್ಟಳು. ಅಂಥ ಜಾಗವನ್ನು ಮಕ್ಕಳಿಗೆ ತೋರಿಸಲೇಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಒಂದು ತಪ್ಪು ರೂಮಿನಿಂದ ನಾವು ಅದನ್ನು ನೋಡದೇ ಊರಿಗೆ ಬಂದುಬಿಡುತ್ತಿದ್ದೆವು.

ವಂಡೂರಿನಲ್ಲಿ ಯಾರೂ ಉಳಿಯಬೇಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಸಂಜೆ ಚಂದ. ಮಕ್ಕಳು ಏಳೆಂಟು ವರ್ಷ ದಾಟಿದ್ದರೆ ಧಾರಾಳವಾಗಿ ಉಳಿಯಿರಿ. ಐದರ ಒಳಗಿನ ಮಕ್ಕಳಿದ್ದರೆ ಪೋರ್ಟ್ ಬ್ಲೇರ್‌ನಲ್ಲಿ ಉಳಿದು ಒಂದು ದಿನಕ್ಕೆ ಹೋಗಿ ಬನ್ನಿ. ಇದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲೇ ಉಳಿಯಬೇಕು ಅನ್ನುವವರು ದುಡ್ಡು ಕಳಿಸುವ ಮೊದಲು ಫೋನ್ ಮಾಡಿ, ರಾತ್ರಿ ಹನ್ನೆರಡಕ್ಕೆ ಮಗುವಿಗೆ ಹುಷಾರಿಲ್ಲದಿದ್ದರೆ ಗಾಡಿ ಯಾರದು, ಓಡಿಸುವವರು ಎಲ್ಲಿ ಮಲಗುತ್ತಾರೆ ಎಂದು ಕೇಳಿ. ಇಳಿತದ ಹೊತ್ತಿನಲ್ಲಿ ತೆಗೆದ ಒಂದು ಫೋಟೋ ಕಳಿಸಲು ಹೇಳಿ. ಮೆಟ್ಟಿಲಿನ, ಬಚ್ಚಲಿನ ಫೋಟೋ ಕೇಳಿ. ಕೇಳಲು ಸಂಕೋಚ ಬೇಡ. ನಮ್ಮ ಕುಮಟಾ, ಗೋಕರ್ಣ, ಮುರುಡೇಶ್ವರದ ಕಡೆ ಹೋಂಸ್ಟೇ ಹುಡುಕುವವರೂ ಹೀಗೇ ಕೇಳಬಹುದು.

ಲಾಡ್ಜಿನವರಲ್ಲಿ, ಎಲ್‌ಟಿಸಿ ಟೂರ್ ಮಾಡಿಸುವ ಏಜೆಂಟರಲ್ಲಿ ನನ್ನದೊಂದು ವಿನಂತಿ. ಉದ್ಯಾನಕ್ಕೆ ಸೋಮವಾರ ರಜೆ, ಎದುರಿನ ನೀರಿನಲ್ಲಿ ಈಜಬಹುದೋ ಇಲ್ಲವೋ, ಆಸ್ಪತ್ರೆ ಎಷ್ಟು ಕಿಲೋಮೀಟರ್, ಈ ಮೂರನ್ನು ದರಪಟ್ಟಿಯ ಪಕ್ಕದಲ್ಲೇ ಬರೆಯಿರಿ. ನಿಮ್ಮ ರೂಮು ಖಾಲಿ ಉಳಿಯುವುದಿಲ್ಲ. ಮತ್ತೆ ನಿಮ್ಮ ಪತ್ರಿಕೆಗೆ: ಪ್ರವಾಸದ ಪುಟದಲ್ಲಿ ಬರೆಯುವವರು ಹೆಚ್ಚಾಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಹೋಗುವ ವಯಸ್ಸಿನವರು. ಕಂಕುಳಲ್ಲಿ ಮಗು ಎತ್ತಿಕೊಂಡು ಹೋಗಿ ಬಂದವರಿಂದಲೂ ಆಗಾಗ ಬರೆಸಿ. ಜಾಲಿ ಬಾಯ್ ನವೆಂಬರಿನಲ್ಲಿ ತೆರೆಯುತ್ತದೆ. ಜನ ಈಗಲೇ ರೂಮು ಹುಡುಕುತ್ತಿದ್ದಾರೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಡಿಸೆಂಬರಿನಲ್ಲಿ ಹೊರಟಿದ್ದಾಳೆ. ಅವಳ ಮಗುವಿಗೆ ಆಗ ಹನ್ನೊಂದು ತಿಂಗಳು ತುಂಬಿರುತ್ತದೆ. ಆ ತಮಿಳು ಅಮ್ಮನ ನಂಬರು ಕೊಟ್ಟೆ. ನನ್ನ ಎದುರಿಗೇ ಫೋನ್ ಮಾಡಿದಳು. ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಗೋಡೆ ಮೇಲೆ ಆ ಆಟೋದವನ ನಂಬರು ಇನ್ನೂ ಇದೆಯಾ ಎಂದು ಕೇಳಿದಳು. ಇದೆಯಂತೆ.

ಇಂತಿ ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲಿ ಒಬ್ಬಳು,
ಅರಸೀಕೆರೆ